ಒಂದು ಸಿಲಿಂಡರು, ಒಂದು ತಾಸು

ಇಪ್ಪತ್ತು ವರ್ಷದ ವರದಿಗಾರಿಕೆಯಲ್ಲಿ ನಾನು ಬರೆದವುಗಳಲ್ಲಿ ಜನ ಕತ್ತರಿಸಿ ಇಟ್ಟುಕೊಂಡ ವರದಿಗಳು, ನನಗೆ ತಿಳಿದಂತೆ, ಮೂರು. ಮೂರನೆಯದು ಕಮಲಾಪುರದ ಹೊರಗೆ ಒಂದು ಬಾಳೆ ತೋಟದ ಮೋಟಾರು ಕೋಣೆಯಲ್ಲಿದೆ. ಸ್ಟಾರ್ಟರ್ ಡಬ್ಬಿಯ ಪಕ್ಕದ ಗೋಡೆಗೆ, ಕಣ್ಣಿನ ಮಟ್ಟಕ್ಕೆ, ಮೈದಾ ಅಂಟು ಹಚ್ಚಿ ಮೆತ್ತಿದ್ದಾರೆ. ನಾಲ್ಕು ಕಾಲಂ ಅಗಲ, ಒಂದು ಫೋಟೋ, ಫೋಟೋದ ಮೇಲೆ ದಪ್ಪ ಅಕ್ಷರದಲ್ಲಿ ‘ಒಂದು ಸಿಲಿಂಡರು, ಒಂದು ತಾಸು’. ಆ ತಲೆಬರಹ ತಪ್ಪು. ಕೊಟ್ಟವನು ನಾನೇ.

ಸಿಲಿಂಡರಿನ ಮನುಷ್ಯನನ್ನು ಮೊದಲು ಕಂಡದ್ದು ಮೋಮಿನಪುರದ ಒಂದು ಚಹಾದ ಹೋಟೆಲಿನಲ್ಲಿ. ಬೇಸಿಗೆ ಆಗಷ್ಟೇ ಶುರುವಾಗಿತ್ತು. ಗೋಡೆ ಬದಿಯ ಬೆಂಚಿನ ಮೇಲೆ ಅವನು ಕೂತಿದ್ದ. ಪಕ್ಕದಲ್ಲಿ, ಇನ್ನೊಬ್ಬ ಗಿರಾಕಿಯ ಜಾಗ ಹಿಡಿದು, ಬಣ್ಣ ಹೋದ ಹಳದಿ ಸಿಲಿಂಡರು. ಅದರ ಕೊರಳಿಗೆ ಟವೆಲು ಸುತ್ತಿತ್ತು.

“ಅದಕ್ಕೂ ಒಂದ್ ಚಾ ಹಾಕ್ಲೇನ್ ಭಾಯ್?” ಎಂದ ಹೋಟೆಲಿನವನು.

“ಬ್ಯಾಡ್ರಿ. ಅದು ಬರೇ ಗಾಳಿ ಕುಡೀತದ.”

ಮಾತಿಗೆ ಅಷ್ಟು ಸಾಕಾಯಿತು. ಅವನು ಕಮಲಾಪುರದವನು. ಬಾವಿಗೆ ಬಿದ್ದ ಕೊಡ, ಪೈಪು, ಮೋಟಾರು ಎತ್ತುವುದು ಅವರ ಮನೆಯ ಕೆಲಸ. ಅವನ ಅಪ್ಪ ಒಂದೇ ಉಸಿರಿನಲ್ಲಿ ಮುಳುಗಿ ತಳ ಮುಟ್ಟಿ ಬರುತ್ತಿದ್ದರಂತೆ. ಇವನೂ ಹಾಗೇ ಬೆಳೆದ. ನಡುವೆ ಮೂರು ವರ್ಷ ಕರಾವಳಿಗೆ ಹೋಗಿ, ಬಂದರಿನಲ್ಲಿ ಹಡಗಿನ ತಳ ಉಜ್ಜುವ ಕೆಲಸಕ್ಕೆ ಸೇರಿ ಸಿಲಿಂಡರು ಕಟ್ಟಿಕೊಂಡು ಇಳಿಯುವುದನ್ನು ಕಲಿತು ಬಂದಿದ್ದ. ಹಳೆಯ ಸಿಲಿಂಡರು ಎರಡು ತಂದಿದ್ದ. ಗಾಳಿ ತುಂಬಿಸಲು ಹೈದರಾಬಾದಿಗೆ ಹೋಗಬೇಕು. ಅವತ್ತು ಬಂದದ್ದು ಅದರ ಮೂತಿಗೆ ಒಂದು ರಬ್ಬರು ವಾಷರು ಹುಡುಕಿಕೊಂಡು.

ನನಗಿಂತ ಆರೇಳು ವರ್ಷ ಸಣ್ಣವನು. ‘ನೀವು’ ಎಂದು ಶುರು ಮಾಡಿದೆ. “ನನಗೆಲ್ಲ ಹೋಗ್ರಿ ಬರ್ರಿ ಅನಬ್ಯಾಡ್ರಿ ಅಣ್ಣಾ, ನೀರಿಗೆ ಇಳಿಯವ್ನಿಗೆ ಮರ್ಯಾದಿ ಭಾರ ಆಗ್ತದ” ಎಂದ.

ಯಾರಾದರೂ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ. ಒಂದು ಸಿಲಿಂಡರು ಎಷ್ಟು ಹೊತ್ತು ಬರುತ್ತದೆ?

ಅವನು ಬಟ್ಟಲಿನಲ್ಲಿ ಉಳಿದ ಚಹಾ ನೋಡುತ್ತ ಹೇಳಿದ. “ಅದು ಸಿಲಿಂಡರ್ ಹೇಳಂಗಿಲ್ರಿ, ನೀರು ಹೇಳ್ತದ. ಎರಡಾಳು ನೀರಾಗ ಸುಮ್ಮ ಕೂತ್ರ ಒಂದ್ ತಾಸು ಬರ್ತದ. ಏಳಾಳು ಇಳಿದ್ರ ಕೆಳಗಿನ ಒಂದ್ ಉಸುರು ಮ್ಯಾಲಿನ ಎರಡು ಉಸುರು ತಿಂತದ. ಅಲ್ಲಿ ಪಾನಾ ಹಿಡ್ದು ಕೆಲಸ ಮಾಡಿದ್ರ ಅರ್ಧ ತಾಸೂ ಇಲ್ಲ. ಅಂಜಿದ್ರ ಹತ್ತು ನಿಮಿಷ.”

ಕರಾವಳಿಯಲ್ಲಿ ಮೊದಲು ಏನು ಕಲಿಸಿದರು ಎಂದು ಕೇಳಿದೆ. ಉಸಿರು ಕಟ್ಟಬಾರದು ಅಂತ, ಎಂದ. ಬಾಯಿಗೆ ನಳಿಗೆ ಇಟ್ಟುಕೊಂಡ ಮೇಲೆ ಒಳಗೆ ಹೊರಗೆ ಉಸಿರು ಆಡುತ್ತಲೇ ಇರಬೇಕು; ಮೇಲೆ ಬರುವಾಗಲಂತೂ ಬಿಡುತ್ತಲೇ ಬರಬೇಕು. “ಅದು ಒಂದ್ ಕಲಿಯಾಕ ನನಗ ತಿಂಗಳ ಹಿಡೀತು. ನಮ್ಮ ಮನ್ಯಾಗ ನೀರಾಗ ಉಸುರು ಬಿಟ್ಟವ ಸತ್ತ ಅಂತ ಕಲ್ಸ್ಯಾರ.”

ಇದೆಲ್ಲವನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಸೇಡಂ ರಸ್ತೆಯ ಕಚೇರಿಗೆ ಬಂದು ವರದಿಯಲ್ಲೂ ಬರೆದೆ. ‘ಆಳ ಕಡಿಮೆಯಿದ್ದು ಸುಮ್ಮನಿದ್ದರೆ ಒಂದು ತಾಸು; ಬಾವಿಯ ತಳದಲ್ಲಿ ದುಡಿಯುವಾಗ ಅದರ ಅರ್ಧಕ್ಕಿಂತ ಕಡಿಮೆ.’ ಸಂಜೆ ಪುಟಕ್ಕೆ ಜಾಹೀರಾತು ಬಂತು. ನಾಲ್ಕು ಸಾಲು ಕಡಿಮೆ ಮಾಡಿಕೊಡಿ ಎಂದರು. ನಾನೇ ಕೂತು ಕಡಿಮೆ ಮಾಡಿದೆ. ಅವನ ಅಪ್ಪನ ವಿಷಯ ಓದಲು ಚೆನ್ನಾಗಿತ್ತು, ಅದನ್ನು ಉಳಿಸಿದೆ. ಅರ್ಧವಿರಾಮದ ಈಚೆಗಿನದು ಉಳಿಯಿತು, ಆಚೆಗಿನದು ಹೋಯಿತು. ಉಸಿರು ಕಟ್ಟಬಾರದು ಎಂಬ ಮುಂದಿನ ವಾಕ್ಯವೂ ಹೋಯಿತು. ಉಳಿದದ್ದರಿಂದ ತಲೆಬರಹ ತಾನಾಗಿ ಬಂದ ಹಾಗೆ ಬಂತು.

ವರದಿ ಓದುಗರಿಗೆ ಹಿಡಿಸಿತು. ಅವನಿಗೆ ಕೆಲಸವೂ ಹೆಚ್ಚಿತು. ಮೂರು ವಾರದ ಮೇಲೆ, ಅವನು ಬಾವಿಗೆ ಇಳಿಯುವ ಫೋಟೋಗಳ ಸಮೇತ ಇನ್ನೊಂದು ಬರಹ ಬೇಕು ಎಂದು ಕಚೇರಿಯಲ್ಲಿ ಹೇಳಿದರು. ನಾನು ಗಾಜಿಪುರದ ಮನೆಯಿಂದ ಬೆಳಿಗ್ಗೆ ಬೈಕು ತೆಗೆದು ಹುಮನಾಬಾದ್ ರಸ್ತೆ ಹಿಡಿದೆ.

ತೋಟದ ಒಡತಿ ಅರವತ್ತು ದಾಟಿದವರು. ಊರಲ್ಲಿ ಎಲ್ಲರೂ ಅವರನ್ನು ಆಯಿ ಎನ್ನುತ್ತಾರೆ. ನಾನೂ ಹಾಗೇ ಅಂದೆ. ಅವರ ಬಾವಿ ಕರಿಕಲ್ಲು ಕೊರೆದು ಮಾಡಿದ ಚೌಕ ಬಾವಿ, ಒಂದು ಬದಿಗೆ ಮೆಟ್ಟಿಲು. ನೀರು ಏಳು ಆಳು, ಎಂದರೆ ಸುಮಾರು ನಲವತ್ತು ಅಡಿ. ಪೈಪು ಜೋಡಣೆಯಲ್ಲಿ ಮುರಿದು ಮೋಟಾರು ತಳದ ರಾಡಿಗೆ ಬಿದ್ದಿತ್ತು. ಕೆಂಪು ಬಾಳೆ ಗೊನೆ ಬಿಡುವ ಹೊತ್ತು, ಐದು ದಿನದಿಂದ ನೀರಿಲ್ಲ. ಇಳಿಯುವವನು ಮೋಟಾರು ಹುಡುಕಿ ಅದಕ್ಕೆ ಸರಪಳಿ ಕಟ್ಟಬೇಕು. ಉಳಿದದ್ದನ್ನು ಮೇಲಿನಿಂದ ಎತ್ತುತ್ತಾರೆ.

“ಬರ್ರಿ ಪೇಪರಿನವ್ರ. ನೀವು ಬರದದ್ದು ನಮ್ಮ ಮೋಟಾರ್ ಖೋಲ್ಯಾಗ ಅದ ನೋಡ್ರಿ” ಎಂದು ಆಯಿ ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಆ ಗೋಡೆಯನ್ನು ನಾನು ನೋಡಿದ್ದು ಆಗ. ಸಂತೋಷವಾಯಿತು. ಅದನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ.

ಹೊರಗೆ ಅವನು ಬೆಲ್ಟು ಬಿಗಿಯುತ್ತಿದ್ದ. ಹೆಂಡತಿ ಮೆಟ್ಟಿಲ ಮೇಲಿನ ಕಲ್ಲಿಗೆ ಕಾಲು ಕೊಟ್ಟು ಹಗ್ಗ ಬಿಚ್ಚುತ್ತಿದ್ದಳು. ಅವನ ಹಗ್ಗವನ್ನು ಹಿಡಿಯುವವಳು ಅವಳೇ, ಬೇರೆಯವರಿಗೆ ಕೊಡುವುದಿಲ್ಲ. ಒಂದು ತುದಿ ಅವನ ಸೊಂಟಕ್ಕೆ, ಇನ್ನೊಂದು ಅವಳ ಮುಂಗೈಗೆ ಎರಡು ಸುತ್ತು. ಕೆಳಗಿನಿಂದ ಒಮ್ಮೆ ಜಗ್ಗಿದರೆ ಚೆನ್ನಾಗಿದ್ದೇನೆ, ಎರಡು ಸಲ ಜಗ್ಗಿದರೆ ಹಗ್ಗ ಬಿಡು, ಮೂರು ಸಲ ಜಗ್ಗಿದರೆ ಎಳೆ. ಮೇಲಿನವರಿಗೆ ಇರುವುದು ಒಂದೇ ಮಾತು: ಒಮ್ಮೆ ಜಗ್ಗಿ ‘ಹ್ಯಾಂಗಿದ್ದಿ’ ಎಂದು ಕೇಳಬಹುದು. ಕೆಳಗಿನವನು ಹೇಳದೆ ಎಳೆಯುವಂತಿಲ್ಲ. ಹಗ್ಗ ಕೆಳಗಿನವನದು ಎನ್ನುತ್ತಾರೆ ಅವರು. ಕಲ್ಲಿನ ಸಂದಿಯಲ್ಲಿ ತಲೆ ಇಟ್ಟವನನ್ನು ಮೇಲಿನವರು ಗಾಬರಿಯಲ್ಲಿ ಎಳೆದು ತಲೆ ಒಡೆದ ಕತೆಗಳು ಅವರ ಮನೆಯಲ್ಲೇ ಇವೆ.

ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಎಂದು ತೋರಿಸುವ ಮುಳ್ಳು ನೋಡಿದೆ. ಪೂರ್ತಿ ತುಂಬಿದ ಗುರುತಿಗಿಂತ ಕೆಳಗಿತ್ತು.

“ನಿನ್ನಿ ಒಂದ್ ಬಾವಿಗೆ ಸ್ವಲ್ಪ ಖರ್ಚಾತ್ರಿ” ಎಂದ. “ಇನ್ನೊಂದು ಖಾಲಿ ಅದ. ಹೈದರಾಬಾದಿಗೆ ಹೋಗಾಕ ಪುರಸತ್ತಿಲ್ಲ.”

“ಕೆಳಗೆ ಈ ಮುಳ್ಳು ಕಾಣತದ?”

“ರಾಡಿ ಎದ್ದ ಮ್ಯಾಲ ಕೈನೇ ಕಾಣಂಗಿಲ್ಲ. ಮುಳ್ಳು ಎಲ್ಲಿಂದ.” ಆಮೇಲೆ, ಆಯಿಗೆ ಕೇಳದಷ್ಟು ತಗ್ಗಿಸಿ: “ಅಣ್ಣಾ, ನಿಮ್ಮ ಪೇಪರ್ ಬಂದಾಗಿಂದ ಒಂದು ಆಗ್ಯದ. ಅರ್ಧ ತಾಸಿಗೆ ಮ್ಯಾಲ ಬಂದ್ರ ಮಂದಿ ಕಳ್ಳಾಟ ಅಂತಾರ. ಇನ್ನ ಅರ್ಧ ಎಲ್ಲಿ ಅಂತಾರ. ಮೊನ್ನೆ ಒಬ್ಬಾಂವ ಕಟಿಂಗ್ ಕಿಸೆದಾಗ ಇಟ್ಕೊಂಡ್ ಬಂದಿದ್ದ.”

ನಕ್ಕ. ನಾನೂ ನಕ್ಕೆ. ಲೆಕ್ಕ ಆ ಕ್ಷಣಕ್ಕೆ ನನ್ನ ತಲೆಯಲ್ಲಿ ಬಂತು: ಏಳು ಆಳು ನೀರು, ತುಂಬದ ಸಿಲಿಂಡರು, ರಾಡಿಯಲ್ಲಿ ಕೆಲಸ. ಇಪ್ಪತ್ತೈದು ನಿಮಿಷ ಬಂದರೆ ಹೆಚ್ಚು. ಹೇಳಬಹುದಿತ್ತು. ವರದಿಗೆ ಹೋದವನು ನಡೆಯುವುದರಲ್ಲಿ ಕೈ ಹಾಕಬಾರದು ಎಂಬುದು ನಾನು ಕಲಿತ ಮೊದಲ ಪಾಠ. ಸುಮ್ಮನಿದ್ದೆ.

ಅವನು ಇಳಿದದ್ದು ಹತ್ತು ಗಂಟೆ ಹತ್ತು ನಿಮಿಷಕ್ಕೆ. ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಆಯಿಯೂ ಮೊಬೈಲು ಕಣ್ಣಿನ ಹತ್ತಿರ ಹಿಡಿದು ಏನೋ ಒತ್ತಿದರು. “ತಾಸಿಗಿ ಅಲಾರಾಂ ಇಟ್ಟೀನ್ರಿ” ಎಂದರು.

ಮೊದಲು ನೀರು ಹಸಿರಾಗಿತ್ತು. ಗುಳ್ಳೆಗಳು ಗೊಂಚಲು ಗೊಂಚಲಾಗಿ ಮೇಲೆ ಬಂದವು. ನಾಲ್ಕೈದು ಸೆಕೆಂಡಿಗೆ ಒಂದು ಗೊಂಚಲು, ತಪ್ಪದೆ. ಆಮೇಲೆ ತಳದಿಂದ ಕಂದು ಬಣ್ಣ ಹೊಗೆಯಂತೆ ಏಳತೊಡಗಿತು. ಹತ್ತು ನಿಮಿಷದಲ್ಲಿ ಇಡೀ ಬಾವಿ ಚಹಾದ ಬಣ್ಣಕ್ಕೆ ಬಂತು. ಹದಿನೈದನೆಯ ನಿಮಿಷಕ್ಕೆ ಅವಳು ಒಮ್ಮೆ ಜಗ್ಗಿದಳು. ಕೆಳಗಿನಿಂದ ಒಮ್ಮೆ ಉತ್ತರ ಬಂತು. ನಾನು ಎರಡು ಫೋಟೋ ತೆಗೆದೆ. ಆಯಿ ಬಾಳೆ ಬಗ್ಗೆ ಹೇಳುತ್ತಿದ್ದರು, ನೀರು ಒಂದು ವಾರ ತಪ್ಪಿದರೆ ಕಾಯಿ ಹ್ಯಾಗೆ ಸಣ್ಣಗಾಗುತ್ತದೆ ಎಂದು.

ಇಪ್ಪತ್ತನೆಯ ನಿಮಿಷದ ಹೊತ್ತಿಗೆ ಗುಳ್ಳೆ ತಡವಾದವು. ಮೊದಲು ನನಗೆ ಹಾಗನ್ನಿಸಿತು ಅಷ್ಟೇ. ಗಡಿಯಾರ ನೋಡಿ ಎಣಿಸಿದೆ. ಒಂದು ಗೊಂಚಲಿಗೂ ಮುಂದಿನದಕ್ಕೂ ಹನ್ನೆರಡು ಸೆಕೆಂಡು. ಆಮೇಲೆ ಹದಿನೇಳು. ಆಮೇಲೆ ಇಪ್ಪತ್ತಮೂರು.

“ಅಕ್ಕಾರ,” ಎಂದೆ ಅವಳಿಗೆ, “ಗುಳ್ಳಿ ಕಡಿಮಿ ಬರಾಕತ್ತಾವಲ್ಲ.”

ಅವಳು ನೀರಿನಿಂದ ಕಣ್ಣು ತೆಗೆಯಲಿಲ್ಲ. “ಉಸುರು ಉಳಸಾಕತ್ತಾನ್ರಿ.”

“ಯಾಕ?”

ಅವಳು ಗದ್ದ ಎತ್ತಿ ಮೋಟಾರು ಕೋಣೆಯ ಕಡೆ ತೋರಿಸಿದಳು.

ಅರ್ಥವಾಗಲು ಒಂದು ಗೊಂಚಲಿನಷ್ಟು ಹೊತ್ತು ಬೇಕಾಯಿತು. ಅವನು ಕೆಳಗೆ ಒಂದು ಉಸಿರು ಎಳೆದು, ಕಟ್ಟಿ ಹಿಡಿದು, ಸರಪಳಿಯ ಕೊಂಡಿ ತಡಕಿ, ಇನ್ನು ಆಗದು ಎಂದಾಗ ಬಿಡುತ್ತಿದ್ದ. ಅಪ್ಪ ಕಲಿಸಿದ ವಿದ್ಯೆಯನ್ನು ಸಿಲಿಂಡರಿನ ಮೇಲೆ ಹಚ್ಚಿ ನನ್ನ ಒಂದು ತಾಸನ್ನು ತುಂಬಿಸಲು ನೋಡುತ್ತಿದ್ದ. ಕರಾವಳಿಯವರು ತಿಂಗಳು ಹಿಡಿದು ಬಿಡಿಸಿದ ಚಾಳಿಯನ್ನು ಮೂರು ವಾರದಲ್ಲಿ ನಾವು ಮರಳಿ ಕೂಡಿಸಿದ್ದೆವು.

“ಎಳೀರಿ” ಎಂದೆ.

“ಹಗ್ಗ ಅವಂದ್ರಿ.”

“ಗಾಳಿ ಮುಗಿಯಾಕ ಬಂದದ.”

“ಇನ್ನ ಅರ್ಧ ತಾಸಿನ ಮ್ಯಾಲ ಅದಲ್ರೀ,” ಎಂದರು ಆಯಿ, ಮೊಬೈಲು ನೋಡಿ. “ನೀವ ಬರ್ದೀರಿ.”

“ನಾ ಪೂರ್ತಿ ಬರ್ದಿಲ್ಲ ಆಯಿ.”

ಅವರು ನನ್ನನ್ನು ನೋಡಿದ ರೀತಿ ನೆನಪಿದೆ. ಪೇಪರಿನಲ್ಲಿ ಬಂದದ್ದು ಪೂರ್ತಿ ಅಲ್ಲದೆ ಇರಬಹುದು ಎಂಬುದು ಅವರಿಗೆ ಹೊಸ ವಿಷಯ. ನಿಧಾನವಾಗಿ ಕೂತರು.

ಅವಳು ಒಮ್ಮೆ ಜಗ್ಗಿದಳು. ಉತ್ತರ ಬರಲಿಲ್ಲ. ಅವಳ ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದಳು. ಬಹಳ ಹೊತ್ತಿನ ಮೇಲೆ ಕೆಳಗಿನಿಂದ ಎರಡು ಸಲ: ಹಗ್ಗ ಬಿಡು. ಎರಡು ಮೊಳ ಬಿಟ್ಟಳು. ಆಗ ಹತ್ತು ಗಂಟೆ ಮೂವತ್ತೊಂಬತ್ತು ನಿಮಿಷ. ನನ್ನ ಲೆಕ್ಕದ ಇಪ್ಪತ್ತೈದು ದಾಟಿತ್ತು.

ಮೂರು ನಿಮಿಷದ ಮೇಲೆ ಒಂದು ದೊಡ್ಡ ಗುಳ್ಳೆ ಬಂದು ಒಡೆಯಿತು. ಆಮೇಲೆ ನೀರು ಸಮವಾಯಿತು. ಒಂದು ಬಾಳೆ ಎಲೆಯ ಚೂರು ತಿರುಗುತ್ತಿದ್ದದ್ದು ನಿಂತಿತು. ಮೂವತ್ತು ಸೆಕೆಂಡು. ನಲವತ್ತು. ಅವಳು ನನ್ನ ಕಡೆ ಒಮ್ಮೆ ನೋಡಿದಳು, ಕೇಳುವುದಕ್ಕಲ್ಲ, ನೋಡಿದಿರಾ ಎಂಬಂತೆ. ಎದ್ದು ನಿಂತು, ಕಲ್ಲಿಗೆ ಎರಡೂ ಕಾಲು ಕೊಟ್ಟು ಎಳೆಯತೊಡಗಿದಳು. ಅವರ ಮನೆಯಲ್ಲಿ ಯಾರೂ ಮಾಡದ ಕೆಲಸ. ನಾನು ಪುಸ್ತಕ ಕೆಳಗಿಟ್ಟು ಅವಳ ಹಿಂದೆ ನಿಂತು ಹಗ್ಗ ಹಿಡಿದೆ.

ಹಗ್ಗ ಬರಲಿಲ್ಲ. ಬಂಡೆಗೆ ಕಟ್ಟಿದ ಹಾಗಿತ್ತು. ಎಳೆದಷ್ಟೂ ಅದು ಕುಯ್ಯೆನ್ನುತ್ತ ಕಲ್ಲಿನ ಅಂಚಿಗೆ ಉಜ್ಜಿತು. ಆಯಿ ಬಂದು ನನ್ನ ಹಿಂದೆ ಹಿಡಿದರು.

ಅವನು ಮೇಲೆ ಬಂದದ್ದು ಬಾವಿಯ ಇನ್ನೊಂದು ಮೂಲೆಯಲ್ಲಿ. ನಾವು ಹಗ್ಗ ಎಳೆಯುತ್ತಲೇ ಇದ್ದೆವು. ಹಗ್ಗ ಮುರಿದ ಪೈಪಿಗೆ ಸುತ್ತಿಕೊಂಡಿತ್ತು. ಅವನು ಸೊಂಟದ ಗಂಟು ಬಿಚ್ಚಿ, ಸಿಲಿಂಡರಿನ ಬೆಲ್ಟು ಬಿಚ್ಚಿ, ಎರಡನ್ನೂ ಅಲ್ಲೇ ಬಿಟ್ಟು ಬಂದಿದ್ದ. ಮುಖ ನೀರಿನಿಂದ ಹೊರಗೆ ಬಂದಾಗ ತುಟಿ ಬಿಗಿದಿದ್ದವು, ಕೆನ್ನೆ ಉಬ್ಬಿದ್ದವು. ನಲವತ್ತು ಅಡಿಯೂ ಉಸಿರು ಕಟ್ಟಿಯೇ ಬಂದಿದ್ದ. ಬಾಯಿ ತೆರೆದಾಗ ಗಾಳಿಯ ಜೊತೆ ರಕ್ತ ಬಂತು, ಹೆಚ್ಚಲ್ಲ, ಗದ್ದದ ಮೇಲೆ ಒಂದು ಗೆರೆ.

ಹೆಂಡತಿ ಮೆಟ್ಟಿಲಿಳಿದು ಅವನ ತಲೆ ಎತ್ತಿ ಹಿಡಿದಳು. ಅವನ ಮೊದಲ ಮಾತು ಆಯಿಗೆ. “ಸರಪಳಿ ಕಟ್ಟೀನ್ರಿ.”

“ಹಾಳಾಗ್ಲಿ ಸರಪಳಿ” ಎಂದರು ಆಯಿ.

ಪಕ್ಕದ ತೋಟದಿಂದ ಬಾಳೆ ಸಾಗಿಸುವ ಗಾಡಿ ತರಿಸಿದೆವು. ಗೊನೆಗಳಿಗೆ ಹಾಸುವ ಒಣ ಎಲೆಯ ಮೇಲೆ ಅವನನ್ನು ಮಲಗಿಸುವಾಗ ಆಯಿಯ ಸೆರಗಿನೊಳಗೆ ಅಲಾರಾಂ ಹೊಡೆಯಿತು. ಹತ್ತು ಹತ್ತಕ್ಕೆ, ಒಂದು ತಾಸಿಗೆಂದು ಇಟ್ಟದ್ದು. ಅವರು ತಡಕಿ ತಪ್ಪು ಗುಂಡಿಗಳನ್ನೇ ಒತ್ತಿದರು. ನಾನು ತೆಗೆದುಕೊಂಡು ನಿಲ್ಲಿಸಿದೆ. ಅವನು ಕಣ್ಣು ಮುಚ್ಚಿಕೊಂಡೇ, “ತಾಸಾತೇನ್ರಿ?” ಎಂದ.

ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದ. ಶ್ವಾಸಕೋಶ ಒಂದು ಕಡೆ ಹರಿದಿತ್ತು. ಡಾಕ್ಟರು ಹೆಂಡತಿಗೆ ತಿಳಿಯುವಂತೆ ಹೇಳಿದರು: ಕೆಳಗೆ ಒತ್ತಿ ತುಂಬಿದ ಗಾಳಿ ಮೇಲೆ ಬರುತ್ತ ಎರಡರಷ್ಟು ಹಿಗ್ಗುತ್ತದೆ, ಬಾಯಿ ಮುಚ್ಚಿದರೆ ಅದಕ್ಕೆ ಹೋಗಲು ದಾರಿ ಇಲ್ಲ. ಬಿಡುತ್ತ ಬರಬೇಕಿತ್ತು.

“ಗೊತ್ತಿತ್ರಿ,” ಎಂದ ಅವನು ಮಂಚದಿಂದ. “ಬಾಯಿಗೆ ಗೊತ್ತಿದ್ದಿಲ್ಲ.”

ಮತ್ತೆ ನೀರಿಗೆ ಇಳಿಯಬಾರದು, ಸಿಲಿಂಡರಿನಿಂದಲೂ ಬೇಡ, ಸಿಲಿಂಡರಿಲ್ಲದೆಯೂ ಬೇಡ ಎಂದರು ಡಾಕ್ಟರು. ಮತ್ತೊಮ್ಮೆ ಅಲ್ಲೇ ಹರಿದರೆ ಆಸ್ಪತ್ರೆ ಮುಟ್ಟುವಷ್ಟು ಹೊತ್ತು ಸಿಗಲಿಕ್ಕಿಲ್ಲ. ಅವನು ತಲೆ ಆಡಿಸಿದ. ಹೆಂಡತಿ ಅವನ ತಲೆಯನ್ನೇ ನೋಡುತ್ತಿದ್ದಳು.

ನಾನು ತಿದ್ದುಪಡಿ ಬರೆದೆ. ಒಳಪುಟದಲ್ಲಿ, ಒಂದು ಕಾಲಂ ಅಗಲದಲ್ಲಿ, ಆರು ಸಾಲು. ಅರ್ಧವಿರಾಮದ ಆಚೆಗಿನದನ್ನು ಈ ಸಲ ಯಾರೂ ಕಡಿಮೆ ಮಾಡಲಿಲ್ಲ. ಅದನ್ನು ಕತ್ತರಿಸಿಕೊಂಡು ಕಮಲಾಪುರಕ್ಕೆ ಹೋದೆ. ಬಾವಿಯಲ್ಲಿ ಮೋಟಾರು ಓಡುತ್ತಿತ್ತು. ಅವನು ಕಟ್ಟಿದ ಸರಪಳಿಯಿಂದಲೇ ಹಳೆಯದನ್ನು, ಮುರಿದ ಪೈಪು, ಅದಕ್ಕೆ ಸುತ್ತಿದ ಹಗ್ಗದ ಸಮೇತ ಎತ್ತಿದ್ದರು. ಆಯಿ ತಾವೇ ಮೈದಾ ಕಲಸಿ ಕೊಟ್ಟರು. ತಿದ್ದುಪಡಿಯನ್ನು ತಲೆಬರಹದ ಮೇಲೆ ಇಟ್ಟು ನೋಡಿದೆ. ‘ತಾಸು’ ಮುಚ್ಚಿದರೆ ‘ಒಂದು ಸಿಲಿಂಡರು, ಒಂದು’ ಉಳಿಯುತ್ತಿತ್ತು. ಅತ್ತ ಸರಿಸಿದರೆ ಇತ್ತ ಕಾಣುತ್ತಿತ್ತು. ಕೊನೆಗೆ ಇಡೀ ಕಾಗದವನ್ನೇ ಕೀಳಲು ಹೋದೆ. ಮೈದಾ ಗಟ್ಟಿಯಾಗಿ ಹಿಡಿದಿತ್ತು, ಅಂಚು ಮಾತ್ರ ಹರಿದು ಬಂತು.

“ಬಿಡ್ರಿ, ಬಾಜೂಕ ಹಚ್ರಿ,” ಎಂದರು ಆಯಿ. “ಆ ಕಡೆ ತೋಟದವ್ರೂ ಹಚ್ಚ್ಯಾರ. ರೋಡಿನ ಮ್ಯಾಲಿನ ಖೋಲ್ಯಾಗೂ ನೋಡೀನಿ.”

ಅವತ್ತು ಇನ್ನೂ ಎರಡು ಕೋಣೆಗೆ ಹೋಗಿ ಬಂದೆ. ಒಂದಕ್ಕೆ ಬೀಗ ಹಾಕಿತ್ತು.

ಮಳೆ ಶುರುವಾಗುವ ಮುಂಚೆ ಅವನ ಮನೆಗೆ ಹೋದೆ. ಸಣ್ಣ ಮನೆ, ಮುಂದೆ ಬೇವಿನ ಗಿಡ. ಬಾವಿಯ ಹಗ್ಗವನ್ನು ಹೆಂಡತಿ ಗಿಡದಿಂದ ಬಾಗಿಲ ಚೌಕಟ್ಟಿಗೆ ಕಟ್ಟಿ ಬಟ್ಟೆ ಹರವಿದ್ದಳು. ಪೈಪಿಗೆ ಸುತ್ತಿ ಸವೆದ ಜಾಗದಲ್ಲಿ ಒಂದು ಲಂಗ ಒಣಗುತ್ತಿತ್ತು. ಅವನು ಕಟ್ಟೆಯ ಮೇಲೆ ಕೂತಿದ್ದ. ಸೊರಗಿದ್ದ; ಮಾತಿನ ನಡುವೆ ಅಲ್ಲಲ್ಲಿ ನಿಲ್ಲುತ್ತಿದ್ದ.

“ಅಣ್ಣಾ, ನಿಮ್ಮ ಗಡಿಯಾರ ಸೆಕೆಂಡ್ ತೋರಿಸ್ತದಲ್ಲ?”

“ಯಾಕ?”

“ಸಿಲಿಂಡರ್ ಆಯಿ ಬಾವ್ಯಾಗ ಕೂತದ. ಪೈಪಿನ ಬಾಜೂಕ ಅದ, ನನಗ ಜಾಗಾ ಗೊತ್ತದ. ಒಂದ್ ಉಸುರಿನ ಕೆಲಸ. ಒಂದೂವರಿ ನಿಮಿಷ ತಡದ್ರ ಸಾಕು, ಹೋಗಿ ಹಗ್ಗ ಸಿಗಿಸಿ ಬರ್ತೀನಿ.”

“ಡಾಕ್ಟರ್ ಏನಂದಾರ ನೆನಪದ ಏನು?”

“ಡಾಕ್ಟರ್ ಸಿಲಿಂಡರ್ ಬಗ್ಗೆ ಅಂದಾರ್ರಿ. ಇದು ನಮ್ಮಪ್ಪನ ಕೆಲಸ.” ಡಾಕ್ಟರು ಎರಡನ್ನೂ ಹೇಳಿದ್ದರು. ಅವನೂ ಅರ್ಧ ಇಟ್ಟುಕೊಂಡು ಅರ್ಧ ಬಿಟ್ಟಿದ್ದ. “ಒಂದೂವರಿ ಆಗ್ಲಿಲ್ಲಂದ್ರ ಸಿಲಿಂಡರಿನ ಆಸೆ ಬಿಟ್ಟಬಿಡ್ತೀನಿ. ನಿಮ್ಮಾಣಿ. ಅಕೀನ ಎಣಿಸು ಅಂದ್ರ ಎಣಸಂಗಿಲ್ಲ. ನೀವರ ಖರೇ ಹೇಳ್ತೀರಿ.”

ಅವನು ಬೆನ್ನು ನೆಟ್ಟಗೆ ಮಾಡಿ, ಎದೆ ತುಂಬ ಗಾಳಿ ಎಳೆದು, ಬಾಯಿ ಮುಚ್ಚಿದ. ನಾನು ಗಡಿಯಾರ ನೋಡಿದೆ. ಹೆಂಡತಿ ನಮಗೆ ಬೆನ್ನು ಹಾಕಿ ಬಟ್ಟೆ ಮಡಚುತ್ತಿದ್ದಳು. ಕೈಗಳು ನಡುವೆ ನಿಂತವು. ಅರ್ಧ ನಿಮಿಷಕ್ಕೆ ಅವನ ಕುತ್ತಿಗೆಯ ನರ ಎದ್ದಿತು. ಒಂದು ನಿಮಿಷಕ್ಕೆ ಮೊಣಕಾಲು ನಡುಗತೊಡಗಿತು. ಬಿಡುತ್ತಾನೆ ಎಂದುಕೊಂಡೆ. ಬಿಡಲಿಲ್ಲ. ಬಿಟ್ಟಾಗ ಮುಂದಕ್ಕೆ ಬಾಗಿ ಬಹಳ ಹೊತ್ತು ಕೆಮ್ಮಿದ.

ಗಡಿಯಾರದಲ್ಲಿ ಒಂದು ನಿಮಿಷ ಮೂವತ್ನಾಲ್ಕು ಸೆಕೆಂಡು ಆಗಿತ್ತು.

“ಎಷ್ಟಾತ್ರಿ?”

“ಒಂದು ನಿಮಿಷ ಎಂಟು” ಎಂದೆ.

ಇಪ್ಪತ್ತು ವರ್ಷದಲ್ಲಿ ತಿಳಿದೂ ತಪ್ಪು ಸಂಖ್ಯೆ ಕೊಟ್ಟದ್ದು ಅದೊಂದೇ ಸಲ. ಹೆಂಡತಿ ತಿರುಗಿ ನನ್ನನ್ನು ನೋಡಿದಳು. ಅವಳ ತುಟಿಗಳು ಆಗಷ್ಟೇ ಅಲುಗುವುದನ್ನು ನಿಲ್ಲಿಸಿದ್ದವು. ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅವನು ಅಂಗೈಯಿಂದ ಬಾಯಿ ಒರೆಸಿಕೊಂಡು, ಅಂಗೈ ನೋಡಿಕೊಂಡ. ನಂಬಿದಂತೆ ಕಾಣಲಿಲ್ಲ, ನಂಬದೆ ಇದ್ದಂತೆಯೂ ಕಾಣಲಿಲ್ಲ.

“ಇನ್ನ ಇಪ್ಪತ್ತೆರಡು ಸೆಕೆಂಡ್,” ಎಂದ. “ಸ್ವಲ್ಪ ತಡೀರಿ. ಇನ್ನೊಮ್ಮೆ ನೋಡ್ರಿ.”

ಬೆನ್ನು ನೆಟ್ಟಗೆ ಮಾಡಿದ. ನಾನು ಗಡಿಯಾರ ನೋಡಿದೆ.